ಕೆರೆ ಏರಿಯ ಮಣ್ಣಿಗೆ ಯಾವ ಸವೆತ ಪರೀಕ್ಷೆ: ಪಿನ್‌ಹೋಲ್, ಎಚ್‌ಇಟಿ, ಜೆಇಟಿ

ಮಣ್ಣಿನ ಏರಿಯನ್ನು ನೀರು ಹೆಚ್ಚಾಗಿ ಎರಡು ದಾರಿಯಲ್ಲಿ ಕೊರೆಯುತ್ತದೆ. ತೂಬಿನ ಪಕ್ಕದಲ್ಲೋ ಒಣಬಿರುಕಿನಲ್ಲೋ ನುಗ್ಗಿ ಒಳಗಿನಿಂದ ಮಣ್ಣು ಹೊತ್ತೊಯ್ಯುವುದು ಒಂದು. ಕೋಡಿ ಸಾಲದೆ ಮೇಲೇರಿ ಹರಿದು, ಹಿಂಬದಿಯ ಇಳಿಜಾರನ್ನು ಕಡಿಯುವುದು ಇನ್ನೊಂದು. ಪರೀಕ್ಷೆಯನ್ನು ಆರಿಸುವಾಗ ಈ ದಾರಿಯನ್ನು ನೋಡಬೇಕು, ಕೈಗೆ ಸಿಕ್ಕ ಉಪಕರಣವನ್ನಲ್ಲ.

ಪಿನ್‌ಹೋಲ್ ಎಲ್ಲಕ್ಕಿಂತ ಅಗ್ಗ. 38 ಮಿ.ಮೀ. ಉದ್ದದ ಮಾದರಿಯಲ್ಲಿ 1 ಮಿ.ಮೀ. ತೂತು; ನೀರಿನ ಮಟ್ಟ ಮೊದಲು 50 ಮಿ.ಮೀ., ಮಣ್ಣು ತಡೆದುಕೊಂಡರೆ 180, 380, 1020. ಐದು ಹತ್ತು ನಿಮಿಷದಲ್ಲೇ ನೀರು ಕದಡಿ ತೂತು ಇಮ್ಮಡಿಯಾದರೆ ಅದು ಸೋಡಿಯಂ ಹೆಚ್ಚಿರುವ, ನೀರಲ್ಲಿ ತಾನೇ ಚೆದುರುವ ಜೇಡಿ. ಬಟ್ಟಿ ಇಳಿಸಿದ ನೀರನ್ನೇ ಬಳಸಿ. ಗಡಸು ಬೋರ್‌ವೆಲ್ ನೀರಿನ ಲವಣ ಚೆದುರುವಿಕೆಯನ್ನು ತಡೆದು, ಕೆಟ್ಟ ಮಣ್ಣನ್ನೂ ಒಳ್ಳೆಯದೆಂದು ತೋರಿಸುತ್ತದೆ. ಮಾದರಿಯನ್ನು ಮೊದಲೇ ಒಣಗಿಸಲೂಬಾರದು. ಇಲ್ಲಿ ಸಿಗುವುದು ದರ್ಜೆ ಮಾತ್ರ, ಸವೆತದ ವೇಗವಲ್ಲ.

ವೇಗ ಬೇಕಾದರೆ ಒಳಸವೆತಕ್ಕೆ ಎಚ್‌ಇಟಿ (ಹೋಲ್ ಇರೋಷನ್ ಟೆಸ್ಟ್, ಅಂದರೆ ತೂತಿನ ಸವೆತ ಪರೀಕ್ಷೆ). ಪ್ರಾಕ್ಟರ್ ಅಚ್ಚಿನಲ್ಲಿ (ಮಣ್ಣು ದಟ್ಟಿಸುವ ಪ್ರಮಾಣಿತ ಸಿಲಿಂಡರ್) ದಟ್ಟಿಸಿದ ಮಣ್ಣಿನ ನಡುವೆ 6 ಮಿ.ಮೀ. ತೂತು ಕೊರೆದು, ನೀರು ಹರಿಸಿ, ಹರಿವು ಏರುವುದರಿಂದ ತೂತು ಅಗಲವಾಗುವ ಬಗೆಯನ್ನು ಲೆಕ್ಕ ಹಾಕುತ್ತಾರೆ. ನಮ್ಮ ಭಾರತೀಯ ಮಾನಕ ಐಎಸ್ 2720ರ ಅಚ್ಚಿನ ಎತ್ತರ 127.3 ಮಿ.ಮೀ.; ಮಾದರಿಯ ಎರಡು ತುದಿಗಳ ನಡುವೆ 400 ಮಿ.ಮೀ. ಮಟ್ಟದ ವ್ಯತ್ಯಾಸ ಕೊಟ್ಟರೆ ಆರಂಭದಲ್ಲಿ ಗೋಡೆಯ ಮೇಲಿನ ಕತ್ತರಿ ಒತ್ತಡ (ಹರಿವ ನೀರು ಗೋಡೆಯನ್ನು ಉಜ್ಜಿ ಎಳೆಯುವ ಒತ್ತಡ) ಸುಮಾರು 46 ಪ್ಯಾಸ್ಕಲ್. ಕಷ್ಟವೆಲ್ಲ ತೂತಿನದೇ. ಡ್ರಿಲ್ ಜೋರಾಗಿ ತಿರುಗಿದರೆ ಒಳಗೋಡೆ ಸವರಿದಂತಾಗಿ ಸವೆತ ತಡವಾಗಿ ಶುರುವಾಗುತ್ತದೆ. ನಿಧಾನ ಕೊರೆದು ಸಣ್ಣ ಬ್ರಷ್ ಆಡಿಸಿ. ಎರೆಮಣ್ಣು ಉಬ್ಬಿ ತೂತನ್ನೇ ಕಿರಿದಾಗಿಸುತ್ತದೆ, ಹೆಂಟೆ ಕಳಚಿ ಅಡ್ಡ ಬಿದ್ದರೂ ಹರಿವು ಇಳಿಯುತ್ತದೆ. ಇವೆರಡನ್ನು ಗಟ್ಟಿಮಣ್ಣು ಎಂದು ಓದಿಬಿಡುವ ಅಪಾಯವಿದೆ. ಆದ್ದರಿಂದ ಕೊನೆಗೆ ಕರಗಿದ ಮೇಣ ಸುರಿದು, ಆ ಎರಕದ ವ್ಯಾಸವನ್ನು ಅಳೆಯಲೇಬೇಕು. ತೀರಾ ದುರ್ಬಲ ಮಣ್ಣಾದರೆ ತೂತೇ ಕುಸಿದು ಪರೀಕ್ಷೆ ನಿಂತುಹೋಗುತ್ತದೆ.

ಜೆಇಟಿಗೆ (ಜೆಟ್ ಇರೋಷನ್ ಟೆಸ್ಟ್, ಅಂದರೆ ಚಿಮ್ಮುಧಾರೆಯ ಸವೆತ ಪರೀಕ್ಷೆ) ಆ ತೊಂದರೆ ಇಲ್ಲ. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಬೆಳೆಸಿದ ಈ ವಿಧಾನದಲ್ಲಿ, ಮುಳುಗಿಸಿದ ಮಾದರಿಯ ಮೇಲೆ ಸುಮಾರು 6.4 ಮಿ.ಮೀ. ನಳಿಕೆಯಿಂದ ನೀರು ಚಿಮ್ಮಿಸಿ ಗುಂಡಿಯ ಆಳವನ್ನು ಆಗಾಗ ಅಳೆಯುತ್ತಾರೆ. ಮೇಲೆ ಹರಿದು ಕಡಿಯುವ ಸವೆತಕ್ಕೆ ಇದನ್ನೇ ಆರಿಸುತ್ತೇವೆ. ಆದರೆ ಚಿಮ್ಮುಧಾರೆಯ ನೇರಕ್ಕೆ ಒಂದು ಕಲ್ಲುಹರಳು ಸಿಕ್ಕರೂ ಸಾಕು, ಅದು ಮಣ್ಣಿಗೆ ಗುರಾಣಿಯಾಗಿ ಆಳದ ಓದನ್ನು ನಿಲ್ಲಿಸಿಬಿಡುತ್ತದೆ.

ಒಂದೇ ಮಣ್ಣಿಗೆ ಜೆಇಟಿ ಕೊಡುವ ಸವೆತ ಗುಣಾಂಕ (ಒತ್ತಡ ಏರಿದಂತೆ ಸವೆತದ ವೇಗ ಎಷ್ಟು ಏರುತ್ತದೆ ಎನ್ನುವ ಅಳತೆ) ಎಚ್‌ಇಟಿಯದಕ್ಕಿಂತ ಹತ್ತು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಸವೆತ ಶುರುವಾಗುವ ಒತ್ತಡ ಮಾತ್ರ ಕಡಿಮೆ. ಒಂದರ ಗುಣಾಂಕ, ಇನ್ನೊಂದರ ಆರಂಭದ ಒತ್ತಡ ಬೆರೆಸಿ ಏರಿ ಒಡೆಯುವ ಲೆಕ್ಕ ಮಾಡಿದರೆ ಅದಕ್ಕೆ ಅರ್ಥವಿಲ್ಲ. ದಟ್ಟಿಸುವಾಗಿನ ತೇವಾಂಶವೂ ಅಷ್ಟೇ ಮುಖ್ಯ: ಸೂಕ್ತ ತೇವಕ್ಕಿಂತ (ಮಣ್ಣು ಅತಿ ಹೆಚ್ಚು ದಟ್ಟವಾಗುವ ತೇವಾಂಶ) ಒಣಗಿದ್ದಾಗ ದಟ್ಟಿಸಿದ ಮಾದರಿ ಅದೇ ಸಾಂದ್ರತೆಯಲ್ಲೂ ಬಹು ಬೇಗ ಸವೆಯುತ್ತದೆ. ಹಾಗಾಗಿ ವರದಿಯಲ್ಲಿ ಗುಣಾಂಕದ ಪಕ್ಕದಲ್ಲೇ ಪರೀಕ್ಷೆಯ ಹೆಸರು, ತೇವಾಂಶ, ಒಣ ಸಾಂದ್ರತೆ ಮೂರನ್ನೂ ಬರೆಯಿರಿ.