ಫಾಸ್ಫಟೇಸ್‌ಗೆ ಕಡಿವಾಣ: ಲ್ಯಾಬಲ್ಲೇ ಕಾಯಿಸಿದ ವನಡೇಟ್ ಮೇಲೋ, ಕೊಂಡು ತಂದ ಮಾತ್ರೆಯೋ?

ಕೋಶ ಒಡೆದ ಗಳಿಗೆಯಿಂದಲೇ ಫಾಸ್ಫಟೇಸ್‌ಗಳು ಪ್ರೋಟೀನಿನ ಫಾಸ್ಫೇಟನ್ನು ಕಿತ್ತುಹಾಕತೊಡಗುತ್ತವೆ. ಐಸ್ ಅವುಗಳ ವೇಗ ತಗ್ಗಿಸುತ್ತದೆ, ಅಷ್ಟೆ. ಹಾಗಾದರೆ ಕೋಶ ಒಡೆಯಲು ಬಳಸುವ ಲೈಸಿಸ್ ಬಫರಿಗೆ ಅವುಗಳನ್ನು ತಡೆಯಲು ಏನು ಬೆರೆಸುವುದು? ಇಜಿಎಫ್ (ಬೆಳವಣಿಗೆಯ ಸಂಕೇತ ಕೊಡುವ ಪ್ರೋಟೀನ್) ಕೊಟ್ಟ ಹೀಲಾ ಕೋಶಗಳಲ್ಲಿ ಫಾಸ್ಫೇಟ್ ಹೊತ್ತ ಇಆರ್‌ಕೆ ಪ್ರೋಟೀನನ್ನು (ಫಾಸ್ಫೋ-ಇಆರ್‌ಕೆ) ಪ್ರತಿಕಾಯದಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ, ಬೇರೆ ಬೇರೆ ತಡೆಕಾರಿಗಳನ್ನು ಬೆರೆಸಿದ ಸ್ಯಾಂಪಲ್‌ಗಳನ್ನು ಅಕ್ಕಪಕ್ಕದ ಲೇನ್‌ಗಳಲ್ಲಿ ಓಡಿಸಿ ನೋಡಿದೆ. ಇಆರ್‌ಕೆ-1ರಲ್ಲಿ ಥ್ರಿಯೊನಿನ್ 202, ಟೈರೋಸಿನ್ 204 ಎಂಬ ಅಮೈನೋ ಆಮ್ಲಗಳೆರಡಕ್ಕೂ ಫಾಸ್ಫೇಟ್ ಸೇರುತ್ತದೆ; ಒಂದನ್ನಷ್ಟೇ ಕಾಯುವ ರಾಸಾಯನಿಕದ ಬಣ್ಣ ಇಲ್ಲಿ ಬೇಗ ಬಯಲಾಗುತ್ತದೆ.

ಸೋಡಿಯಂ ಫ್ಲೋರೈಡ್, ಬೀಟಾ-ಗ್ಲಿಸೆರೋಫಾಸ್ಫೇಟ್ ಎರಡೂ ಅಗ್ಗ. ಸೀರಿನ್, ಥ್ರಿಯೊನಿನ್‌ಗಳಿಂದ ಫಾಸ್ಫೇಟ್ ಕೀಳುವ ಫಾಸ್ಫಟೇಸ್‌ಗಳನ್ನು ತಡೆಯಲಷ್ಟೇ ಸಾಕು. ಅವೆರಡೇ ಇದ್ದ ಲೇನಿನಲ್ಲಿ ಫಾಸ್ಫೋ-ಇಆರ್‌ಕೆಯ ಗೆರೆ (ಬ್ಯಾಂಡ್) ಪೇಲವ.

ಟೈರೋಸಿನ್ ಕಾಯುವುದು ಸೋಡಿಯಂ ಆರ್ಥೋವನಡೇಟ್. ಆದರೆ ಅದರ ತಯಾರಿಗೆ ತಾಳ್ಮೆ ಬೇಕು. 200 ಮಿಲಿಮೋಲಾರ್ ದ್ರಾವಣ ಮಾಡಿ ಪಿಎಚ್ 10ಕ್ಕೆ ತಂದರೆ ಹಳದಿಯಾಗುತ್ತದೆ. ಆ ಹಳದಿಯೇ ಡೆಕಾವನಡೇಟ್, ನಮಗೆ ಬೇಡವಾದದ್ದು. ಬಣ್ಣ ಹೋಗುವವರೆಗೆ ಕುದಿಸಿ, ಆರಿಸಿ, ಪಿಎಚ್ ಮತ್ತೆ ಸರಿಮಾಡಿ, ಬಣ್ಣ ಮತ್ತೆ ಮರಳದಂತಾಗುವವರೆಗೂ ಇದನ್ನೇ ಮಾಡಬೇಕು. ಆಮೇಲೆ ಪುಟ್ಟ ಟ್ಯೂಬುಗಳಲ್ಲಿ ಮೈನಸ್ 20ಕ್ಕೆ ಇಟ್ಟು, ಬಫರಿಗೆ 1 ಮಿಲಿಮೋಲಾರ್‌ನಂತೆ ಹಾಕಿದರಾಯಿತು.

ಇಲ್ಲೊಂದು ಕಿರಿಕಿರಿ ಇದೆ. ಲೋಹದ ಅಯಾನುಗಳನ್ನು ಹಿಡಿಯುವ ಇಡಿಟಿಎ ವನಡೇಟನ್ನೂ ಕಚ್ಚಿ ಹಿಡಿಯುತ್ತದೆ, ಅಪಕರ್ಷಕವಾದ ಡಿಟಿಟಿಯೂ ವನಡೇಟಿನ ಬಲ ಕುಂದಿಸುತ್ತದೆ. ಹೆಚ್ಚು ಇಡಿಟಿಎ ಇದ್ದ ಬಫರಿನ ಲೇನಿಗೂ ಅದಿಲ್ಲದ ಲೇನಿಗೂ ಕಣ್ಣಿಗೇ ಕಾಣುವಷ್ಟು ವ್ಯತ್ಯಾಸ. ಎಷ್ಟೋ ಪ್ರೋಟೋಕಾಲ್‌ಗಳು ಇಡಿಟಿಎ, ವನಡೇಟ್ ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದು ಸುಮ್ಮನಿರುತ್ತವೆ, ನನಗಂತೂ ಅದು ಅರ್ಥವಾಗದ ಅಭ್ಯಾಸ.

ತಡೆಕಾರಿಗಳನ್ನು ಬೆರೆಸಿಯೇ ಮಾರುವ ಮಾತ್ರೆಯದು ಅನುಕೂಲ: ಹಾಕು, ಕರಗಿಸು, ಕೆಲಸ ಶುರುಮಾಡು. ಬ್ಯಾಂಡ್ ಕೂಡ ಮೇಲಿನ ಮೂರನ್ನೂ ಇಡಿಟಿಎ ಇಲ್ಲದೆ ಬೆರೆಸಿದಾಗ ಬಂದಷ್ಟೇ ಗಾಢ, ಅದಕ್ಕಿಂತ ಹೆಚ್ಚಲ್ಲ. ಹೊಸಬರು ತುಂಬಿರುವ ಲ್ಯಾಬಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ದಿನವೂ ಲೈಸೇಟ್ (ಒಡೆದ ಕೋಶಗಳ ದ್ರವ) ಮಾಡುವವರಿಗೆ ಕೈಮಿಶ್ರಣವೇ ಸರಿ.

ಒಕಡೇಯಿಕ್ ಆಮ್ಲವನ್ನು ಲೈಸೇಟಿಗೆ ಸುರಿಯುವುದು ದುಂದು. ಕೋಶದೊಳಕ್ಕೆ ನುಗ್ಗಿ ಪಿಪಿ2ಎ ಎಂಬ ಫಾಸ್ಫಟೇಸನ್ನು ತಡೆಯುವ ಈ ವಿಷವನ್ನು ಜೀವಂತ ಕೋಶಗಳ ಪ್ರಯೋಗಕ್ಕೇ ಮೀಸಲಿಡಿ.

ಸ್ಯಾಂಪಲ್ ಕೆಲವೇ ಇದ್ದರೆ ಇವು ಯಾವುವೂ ಬೇಡ. ಮೀಡಿಯಾ ತೆಗೆದು ಕುದಿಯುವ ಎಸ್‌ಡಿಎಸ್ ಸ್ಯಾಂಪಲ್ ಬಫರನ್ನೇ ನೇರ ಪ್ಲೇಟಿಗೆ ಹಾಕಿ, ಕಿಣ್ವಗಳೆಲ್ಲ ಅಲ್ಲೇ ಸಾಯುತ್ತವೆ. ಬಫರಿನಲ್ಲಿ ಡಿಟಿಟಿ ಇರುವುದರಿಂದ ಪ್ರೋಟೀನ್ ಪ್ರಮಾಣ ತಿಳಿಸುವ ಬಿಸಿಎ ಅಳತೆ ಮಾತ್ರ ಕೈಕೊಡುತ್ತದೆ, ಹಾಗಾಗಿ ಮೊದಲೇ ಕೋಶಗಳನ್ನು ಎಣಿಸಿ ಬಿತ್ತಿರಬೇಕು.