ಸಹಿ ಇರುವ ವಾಕಿಜಾಶಿಯೋ, ಸಹಿ ಇಲ್ಲದ ಕತಾನಾವೋ?

ಟೋಕಿಯೊದಲ್ಲಿ ಹಳೆಯ ಕತ್ತಿ ಕೊಳ್ಳಬೇಕೆಂದು ಹತ್ತು ಲಕ್ಷ ಯೆನ್ ಆಸುಪಾಸಿನ ದುಡ್ಡು ಎತ್ತಿಟ್ಟವರಿಗೆ ಸಾಮಾನ್ಯವಾಗಿ ಸಿಗುವುದು ಎರಡು ದಾರಿ. ಒಂದು, ಎಡೋ ಕಾಲದ, ಅಂದರೆ 17ರಿಂದ 19ನೇ ಶತಮಾನದ, ಹೆಸರಾಂತ ಕಮ್ಮಾರನ ಸಹಿ ಇರುವ ಗಿಡ್ಡ ಕತ್ತಿ, ಅಂದರೆ ವಾಕಿಜಾಶಿ. ಇನ್ನೊಂದು, ಅದಕ್ಕಿಂತ ಇನ್ನೂರೈವತ್ತು ಮುನ್ನೂರು ವರ್ಷ ಹಳೆಯದಾದ, ಉದ್ದನೆಯ, ಆದರೆ ಸಹಿಯೇ ಇಲ್ಲದ ಕತಾನಾ. ಮೂರನೆಯ ದಾರಿಯೂ ಉಂಟು: ಆನ್‌ಲೈನ್ ಹರಾಜಿಗೆ ಬರುವ, ದೊಡ್ಡ ಹೆಸರು ಕೊರೆದ, ತಜ್ಞರು ಪರಿಶೀಲಿಸಿ ಕೊಡುವ ಕಾಗದವಿಲ್ಲದ ಕತ್ತಿ. ಬೆಲೆ ಅರ್ಧಕ್ಕೂ ಕಡಿಮೆ. ಇಲ್ಲಿ ಕೆಲಸಕ್ಕಿರುವ ಈ ವರ್ಷಗಳಲ್ಲಿ ಮೂರನ್ನೂ ಕೊಂಡು ಮನೆಯಲ್ಲಿಟ್ಟು, ಒಂದೇ ದೀಪದ ಕೆಳಗೆ ಮತ್ತೆ ಮತ್ತೆ ನೋಡಿದ್ದೇನೆ. ಮೊದಲ ಸಲ ಕೊಳ್ಳುವವರಿಗೆ ನನ್ನ ಮತ ವಾಕಿಜಾಶಿಗೆ. ನನಗೆ ಹೆಚ್ಚು ಪಾಠ ಹೇಳಿದ್ದು ಮಾತ್ರ ಸಹಿಯಿಲ್ಲದ್ದು.

ನನ್ನ ವಾಕಿಜಾಶಿ ಹಿಜೆನ್ ಪ್ರಾಂತ್ಯದ್ದು, ಅಂದರೆ ಇಂದಿನ ಸಾಗಾ, ನಾಗಸಾಕಿ ಸೀಮೆ. ಮಾಡಿದವನು ಅಲ್ಲಿನ ತದಯೋಶಿ ಮನೆತನದ ಎರಡನೆಯ ತಲೆಮಾರಿನ ತದಹಿರೊ. 1641ರಲ್ಲಿ ಅವನಿಗೆ 'ಓಮಿ ದಾಯಿಜೊ' ಎಂಬ ಬಿರುದು ಬಂತು, ತೀರಿಕೊಂಡದ್ದು 1693ರಲ್ಲಿ. ಇಷ್ಟು ದೀರ್ಘಕಾಲ ಕುಲುಮೆಯ ಮುಂದೆ ಕೂತ ಕಮ್ಮಾರರು ಕಡಿಮೆ. ಹಾಗಾಗಿ ಅವನ ಕೈಕೆಲಸ ಸಾಕಷ್ಟು ಉಳಿದಿದೆ. ಕೊಳ್ಳುವವರಿಗೆ ಇದೇ ದೊಡ್ಡ ಅನುಕೂಲ, ಏಕೆಂದರೆ ಕೈಯಲ್ಲಿರುವ ಸಹಿಯನ್ನು ಖಚಿತವಾದ ಬೇರೆ ಸಹಿಗಳ ಅಚ್ಚಿನ ಪಕ್ಕ ಇಟ್ಟು ನೋಡಬಹುದು. ಬೇಡಿಕೆ ಇದ್ದ ಹೆಸರಾದ್ದರಿಂದ ನಕಲಿ ಸಹಿಯೂ ಬೇಕಾದಷ್ಟಿದೆ.

ಅಂಗಡಿಯಲ್ಲಿ ಬಿದಿರಿನ ಮೊಳೆ ತೆಗೆದು, ಮರದ ಹಿಡಿ ಕಳಚಿ, ಒಳಗಿನ ನಾಕಾಗೊ, ಅಂದರೆ ಹಿಡಿಯೊಳಗೆ ಕೂರುವ ಅಲಗಿನ ಬಾಲ, ಹೊರಬಂದಾಗ ನಾನು ಮೊದಲು ನೋಡಿದ್ದು ಅಕ್ಷರವನ್ನಲ್ಲ, ಅಕ್ಷರ ಯಾವ ಮೈಯಲ್ಲಿದೆ ಎಂಬುದನ್ನು. ಹಿಜೆನ್ ಕಮ್ಮಾರರಿಗೆ ಒಂದು ರೂಢಿಯಿತ್ತು: ಕತಾನಾ ಆದರೆ ಸೊಂಟಕ್ಕೆ ಸಿಕ್ಕಿಸಿದಾಗ ದೇಹದ ಕಡೆ ಬರುವ ಮೈಗೆ ಸಹಿ, ವಾಕಿಜಾಶಿ ಆದರೆ ಹೊರಮೈಗೆ. ಇದರಲ್ಲಿ ಸಹಿ ಹೊರಮೈಯಲ್ಲೇ ಇತ್ತು. ಆಮೇಲೆ ತುಕ್ಕು. ನಾಕಾಗೊದ ತುಕ್ಕನ್ನು ಯಾರೂ ಉಜ್ಜಿ ತೆಗೆಯುವುದಿಲ್ಲ, ತೆಗೆಯಲೂಬಾರದು. ವಯಸ್ಸು ಓದಲು ಸಿಗುವುದು ಅಲ್ಲೇ. ಉಳಿಯ ಗುರುತಿನ ತಳದಲ್ಲೂ ಅದರ ಸುತ್ತಲಿನಷ್ಟೇ ಹಳೆಯ ಕಂದು ತುಕ್ಕು ಕೂತಿರಬೇಕು. ಗೆರೆಯ ಅಂಚು ಮಾತ್ರ ಹೊಳೆದರೆ, ಅಥವಾ ಅರದ ಗೀರುಗಳು ಅಕ್ಷರದ ಮೇಲೆ ಹಾದು ಹೋಗಿದ್ದರೆ, ಕತ್ತಿಯನ್ನು ಮೆತ್ತಗೆ ಕೆಳಗಿಟ್ಟು ವಂದಿಸಿ ಬರುವುದು ಒಳ್ಳೆಯದು.

ಅಲಗನ್ನು ನೋಡುವುದಕ್ಕೆ ಒಂದೇ ಒಂದು ಬಲ್ಬ್ ಸಾಕು, ಟ್ಯೂಬ್‌ಲೈಟ್ ಕೆಲಸಕ್ಕೆ ಬಾರದು. ತುದಿಯನ್ನು ದೀಪದ ಕಡೆ ಚಾಚಿ, ಬೆಳಕಿನ ಚುಕ್ಕಿ ಅಂಚಿನ ಗುಂಟ ಹರಿಯುವ ಹಾಗೆ ನಿಧಾನ ವಾಲಿಸಬೇಕು. ತದಹಿರೊನಲ್ಲಿ ಕಾಣುವುದು ನೇರವಾದ ಹಮೊನ್, ಅಂದರೆ ಅಂಚನ್ನು ಗಡುಸು ಮಾಡಿದಾಗ ಮೂಡುವ ಬಿಳಿ ಪಟ್ಟಿ. ಅದು ಬುಡದಿಂದ ತುದಿಯವರೆಗೆ ಒಂದೇ ಅಗಲಕ್ಕೆ ಹೋಗಿ, ತುದಿಯಲ್ಲಿ ದುಂಡಗೆ ತಿರುಗುತ್ತದೆ. ಅದರ ಮೇಲಿನ ಉಕ್ಕಿನ ಮೈಗೆ ಜಪಾನಿನ ಸಂಗ್ರಾಹಕರು ಅಕ್ಕಿ ತೌಡಿನ ಹೋಲಿಕೆ ಕೊಡುತ್ತಾರೆ, ಅಷ್ಟು ಸಣ್ಣ, ಅಷ್ಟು ಸಮವಾದ ಕಣ. ನಮ್ಮ ದಖ್ಖನಿನ ಹಳೆಯ ಉಕ್ಕಿನ ಕತ್ತಿಗಳಲ್ಲಿ ನೀರಿನಲೆಯಂಥ ವಿನ್ಯಾಸ ನೋಡಿ ಅಭ್ಯಾಸವಿದ್ದವರು ಇಲ್ಲಿ ಅದನ್ನೇ ಹುಡುಕಬಾರದು. ಅಲ್ಲಿ ವಿನ್ಯಾಸ ಹುಟ್ಟುವುದು ಮೂಸೆಯಲ್ಲಿ ಉಕ್ಕು ನಿಧಾನ ತಣಿಯುವಾಗ. ಇಲ್ಲಿ ಉಕ್ಕನ್ನು ಕಾಯಿಸಿ ಬಡಿದು ಮಡಿಸಿ ಮತ್ತೆ ಬಡಿಯುವುದರಿಂದ.

ಹಿಜೆನ್ ಕತ್ತಿಗಳಲ್ಲಿ ಒಂದು ದೌರ್ಬಲ್ಯವಿದೆ, ಅಂಗಡಿಯವರು ಕೇಳದೆ ಹೇಳುವುದಿಲ್ಲ. ಒಳಗಿನ ಮೆದು ಉಕ್ಕಿನ ಮೇಲೆ ಹೊದಿಸಿದ ಗಟ್ಟಿ ಉಕ್ಕಿನ ಪದರ ಇವುಗಳಲ್ಲಿ ತೆಳು. ನಾಲ್ಕಾರು ಸಲ ಸಾಣೆಗೆ ಹೋಗಿ ಬಂದರೆ ಮೆದು ಉಕ್ಕು ಅಲ್ಲಲ್ಲಿ ಇಣುಕುತ್ತದೆ. ಕಣವಿಲ್ಲದ, ಮಂಕಾದ ತೇಪೆ ಕಂಡರೆ ಅದೇ. ನನ್ನದರಲ್ಲಿ ಹಬಾಕಿಯ ಮೇಲೆ, ಅಂದರೆ ಬುಡದ ತಾಮ್ರದ ಪಟ್ಟಿಯ ಪಕ್ಕದಲ್ಲಿ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಅದು ಶುರುವಾಗಿದೆ. ಬೆಲೆ ಇಳಿದದ್ದೂ ಅದಕ್ಕೇ. ಅದನ್ನು ನೋಡಿಯೇ ತೆಗೆದುಕೊಂಡೆ, ಯಾಕೆಂದರೆ ಅಂಚು ಪೂರ್ತಿ ಆರೋಗ್ಯವಾಗಿತ್ತು.

ಈಗ ಸಹಿಯಿಲ್ಲದ್ದು. ಅದರ ಕಾಗದದಲ್ಲಿ ಬರೆದಿರುವುದು ಇಷ್ಟೇ: 'ಸಹಿ ಇಲ್ಲ, ಉದಾ'. 'ಉದಾ' ಅಂದರೆ ಕಮ್ಮಾರರ ಒಂದು ಪರಂಪರೆ. ಯಾಮಾತೊ ಸೀಮೆಯ, ಅಂದರೆ ಇಂದಿನ ನಾರಾದ, ಉದಾ ಎಂಬಲ್ಲಿಂದ ಕುನಿಮಿತ್ಸು ಎಂಬ ಕಮ್ಮಾರ 14ನೇ ಶತಮಾನದ ಮೊದಲ ಭಾಗದಲ್ಲಿ ಎಚ್ಚೂಗೆ, ಇಂದಿನ ತೊಯಾಮಾಕ್ಕೆ, ಹೋಗಿ ನೆಲೆಸಿದ. ಅವನ ಶಿಷ್ಯರೂ ಮಕ್ಕಳು ಮೊಮ್ಮಕ್ಕಳೂ ತಲೆಮಾರುಗಟ್ಟಲೆ ಅಲ್ಲೇ ಕತ್ತಿ ಮಾಡಿದರು. ನನ್ನದು 14ನೇ ಶತಮಾನದ ಕೊನೆಯ ಹೊತ್ತಿನದು ಎಂದು ಹಿರಿಯರ ಅಭಿಪ್ರಾಯ.

ಸಹಿ ಎಲ್ಲಿ ಹೋಯಿತು? ಮೊದಲು ಇದು ತಾಚಿ, ಅಂಚು ಕೆಳಗಾಗಿ ಸೊಂಟದಿಂದ ತೂಗುಬಿಡುತ್ತಿದ್ದ ಉದ್ದದ ಕತ್ತಿ. ಕಾಲಾಳು ಯುದ್ಧ ಹೆಚ್ಚಿ, ಅಂಚು ಮೇಲಾಗಿ ನಡುಪಟ್ಟಿಗೆ ಸಿಕ್ಕಿಸುವ ಕತಾನಾ ಬಳಕೆಗೆ ಬಂದ ಮೇಲೆ ಹಳೆಯ ಒಳ್ಳೆಯ ತಾಚಿಗಳನ್ನು ಬಿಸಾಡದೆ ಗಿಡ್ಡ ಮಾಡಿಸಿಕೊಂಡರು. ಕತ್ತರಿಸುವುದು ಅಲಗಿನ ತುದಿಯಿಂದಲ್ಲ, ನಾಕಾಗೊದ ಕೊನೆಯಿಂದ. ಸಹಿಯೂ ಅಲ್ಲೇ ಇರುವುದರಿಂದ ಅದರ ಜೊತೆಗೇ ಹೋಯಿತು. ನಾಕಾಗೊದಲ್ಲಿ ಈಗ ಮೊಳೆಯ ತೂತು ಒಂದಕ್ಕಿಂತ ಹೆಚ್ಚಿವೆ. ತೀರ ಕೆಳಗಿನದು ಕತ್ತರಿಸಿದ ಅಂಚಿಗೆ ತಾಗಿ ಅರ್ಧಚಂದ್ರವಾಗಿ ನಿಂತಿದೆ. ಈ ತೂತುಗಳಿಂದ ಮೂಲದ ಉದ್ದವನ್ನು ಮನಸ್ಸಿನಲ್ಲೇ ಮತ್ತೆ ಕಟ್ಟಬೇಕು. ಬಾಗು ಎಲ್ಲಿತ್ತು, ಬುಡ ಎಷ್ಟು ಅಗಲವಿತ್ತು ಎಂಬುದನ್ನು ಊಹಿಸದೆ ಇದರ ಕಾಲ ಹೇಳಲಾಗದು. ವಾಕಿಜಾಶಿ ಈ ಕೆಲಸವನ್ನು ನನ್ನಿಂದ ಎಂದೂ ಕೇಳಲಿಲ್ಲ.

ಅದೇ ಬಲ್ಬಿನ ಕೆಳಗೆ ಇದರ ಉಕ್ಕು ಬೇರೆಯೇ ಲೋಕ. ಬಣ್ಣ ಕಪ್ಪಿಗೆ ತಿರುಗಿದ್ದು. ಉತ್ತರದ ಸೀಮೆಯ ಉಕ್ಕಿಗೆ ಇದೇ ಗುರುತು ಎನ್ನುತ್ತಾರೆ. ಮರದ ಹಲಗೆಯಲ್ಲಿ ಕಾಣುವಂಥ ದೊಡ್ಡ ಸುಳಿಗಳಿವೆ, ಅಂಚಿನ ಹತ್ತಿರ ಬಂದಂತೆ ಅವು ಉದ್ದಕ್ಕೆ ಹರಿದು ಗೆರೆಗಳಾಗುತ್ತವೆ. ಆ ಹರಿವು ಯಾಮಾತೊದಿಂದ ಬಂದ ನೆನಪು. ಹಮೊನ್‌ನಲ್ಲಿ ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುವ ಹೊಳಪಿನ ಕಣಗಳು, ಅಂದರೆ ನಿಯೆ, ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ಚೆದುರಿ ಬಿದ್ದಿವೆ. ತದಹಿರೊನಲ್ಲಿ ಎಲ್ಲ ಲೆಕ್ಕಾಚಾರ. ಇದರಲ್ಲಿ ಬೆಂಕಿಯ ಪಾಲೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಎಷ್ಟೋ ರಾತ್ರಿ ನಾನು ನಿದ್ದೆ ಮರೆತು ಕೂತಿದ್ದು ಇದರ ಮುಂದೆ.

ಹಾಗಾದರೆ ಮೊದಲಿಗೆ ಇದನ್ನೇ ಕೊಳ್ಳಿ ಎಂದು ಯಾಕೆ ಹೇಳುವುದಿಲ್ಲ? ಸಹಿಯಿಲ್ಲದ ಕತ್ತಿಯ ಬೆಲೆಯ ಬಹುಪಾಲು ನಿಂತಿರುವುದು ಬೇರೊಬ್ಬರ ಅಭಿಪ್ರಾಯದ ಮೇಲೆ. ನಿಹೊನ್ ಬಿಜುತ್ಸು ತೋಕೆನ್ ಹೊಜೋನ್ ಕ್ಯೋಕಾಯಿ, ಚಿಕ್ಕದಾಗಿ ಎನ್‌ಬಿಟಿಎಚ್‌ಕೆ, 1948ರಲ್ಲಿ ಶುರುವಾದ ಕತ್ತಿ ಸಂರಕ್ಷಣೆಯ ಸಂಸ್ಥೆ. ಅದು ಕೊಡುವ ಕಾಗದಗಳಲ್ಲಿ ಹೊಜೋನ್, ಟೊಕುಬೆತ್ಸು ಹೊಜೋನ್, ಜೂಯೊ, ಟೊಕುಬೆತ್ಸು ಜೂಯೊ ಎಂದು ನಾಲ್ಕು ಮೆಟ್ಟಿಲು. ಸಹಿ ಇರುವ ಕತ್ತಿಯಲ್ಲಿ ಕಾಗದ ಹೇಳುವುದು 'ಈ ಸಹಿ ನಿಜ' ಎಂದು, ಅದನ್ನು ನೀವೂ ಅಚ್ಚಿನ ಜೊತೆ ಹೋಲಿಸಿ ನೋಡಬಹುದು. ಸಹಿಯಿಲ್ಲದ್ದರಲ್ಲಿ ಕಾಗದ ಹೇಳುವುದು 'ಈ ಗುಣಗಳು ಈ ಪರಂಪರೆಯವು' ಎಂದು. ಅದನ್ನು ಒರೆಗೆ ಹಚ್ಚಲು ಕಣ್ಣು ಪಳಗಿರಬೇಕು. ಹಸಿರು ಅಥವಾ ಬಿಳಿಯ ಹಳೆಯ ಕಾಗದದ ಜೊತೆ ಕತ್ತಿ ಬಂದರೆ ಅದು 1982ಕ್ಕೆ ಮುಂಚಿನ ಪದ್ಧತಿಯದು. ಈಗಿನ ಕಾಗದಕ್ಕಿರುವ ಬೆಲೆ ಮಾರುಕಟ್ಟೆಯಲ್ಲಿ ಅದಕ್ಕಿಲ್ಲ.

ಕಣ್ಣು ಪಳಗಿಸಲು ಕಾನ್ತೆಯಿ ಕೂಟದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ನಾಕಾಗೊ ಮುಚ್ಚಿ ಕತ್ತಿ ಮುಂದಿಡುತ್ತಾರೆ. ಆಕಾರ, ಉಕ್ಕು, ಹಮೊನ್, ತುದಿ ನೋಡಿ ಕಮ್ಮಾರನ ಹೆಸರು ಬರೆದು ಕೊಡಬೇಕು. ಮೂರು ಸಲ ಅವಕಾಶ. ಸರಿಯಾದರೆ 'ಅತಾರಿ', ಗುರುವಿನ ಬದಲು ಶಿಷ್ಯನನ್ನು ಹೇಳುವಷ್ಟು ಹತ್ತಿರ ಹೋದರೆ 'ದೋಜೆನ್', ತಪ್ಪಿದರೆ 'ಇಯಾ'. ಹಿಜೆನ್ ಕತ್ತಿಯನ್ನು ಹೊಸಬರೂ ಬೇಗ ಹಿಡಿಯುತ್ತಾರೆ. ಉದಾದಂಥ ಕತ್ತಿಗೆ ಅನುಭವಿಗಳೂ ಯಾಮಾತೊ ಎಂದೋ, ಇನ್ನೊಂದು ಉತ್ತರದ ಪರಂಪರೆ ಎಂದೋ ಬರೆಯುವುದುಂಟು. ಹೋಗಲಾಗದವರು ಉಎನೊದ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹೊನ್ಕಾನ್ ಕಟ್ಟಡದ ಕತ್ತಿಗಳ ಕೋಣೆಗೆ, ಇಲ್ಲವೇ 2018ರಲ್ಲಿ ರ್‍ಯೋಗೊಕುಗೆ ಬಂದ ಕತ್ತಿ ವಸ್ತುಸಂಗ್ರಹಾಲಯಕ್ಕೆ ಹೋಗಿ. ಗಾಜಿನ ಮುಂದೆ ಮೊಣಕಾಲು ಬಗ್ಗಿಸಿ, ದೀಪದ ಪ್ರತಿಬಿಂಬ ಅಂಚಿಗೆ ಬರುವವರೆಗೆ ಎತ್ತರ ಸರಿಮಾಡಿಕೊಳ್ಳಿ. ನಿಂತೇ ನೋಡಿದರೆ ಹಮೊನ್ ಕಾಣುವುದಿಲ್ಲ.

ಮೂರನೆಯದಕ್ಕೆ ಬರುತ್ತೇನೆ. ಹರಾಜಿನ ಪಟದಲ್ಲಿ ನಾಕಾಗೊದ ಒಂದೇ ಮೈ ತೋರಿಸಿದ್ದರು. ಅದರಲ್ಲಿ ಒಸಾಕಾದ ಹೆಸರಾಂತ ಕಮ್ಮಾರ ತ್ಸುದಾ ಎಚಿಜೆನ್ ನೊ ಕಾಮಿ ಸುಕೆಹಿರೊನ ಸಹಿ, ಬಳ್ಳಿಯ ಹಾಗೆ ಹರಿಯುವ ಕೂಡಕ್ಷರದಲ್ಲಿ. ಈ ದಾರಿ ಹೇಗಿರುತ್ತದೆ ಎಂದು ಕಣ್ಣಾರೆ ನೋಡಲೆಂದೇ, ಕಳೆದುಕೊಂಡರೂ ಸರಿ ಎನ್ನುವಷ್ಟೇ ದುಡ್ಡು ಹಾಕಿ ಕೂಗಿದೆ. ಕತ್ತಿ ಮನೆಗೆ ಬಂತು. ಇನ್ನೊಂದು ಮೈಯಲ್ಲಿ ಇಸವಿ ಕೊರೆದಿತ್ತು: ಕಾನ್‌ಬುನ್ 10, ಅಂದರೆ 1670. ಅಷ್ಟು ಸಾಕಾಯಿತು. ಸುಕೆಹಿರೊ ಕೂಡಕ್ಷರದಲ್ಲಿ ಸಹಿ ಹಾಕಲು ಶುರು ಮಾಡಿದ್ದು 1674ರಲ್ಲಿ. ಅದಕ್ಕೆ ಮುಂಚೆ ಅವನದು ಚೌಕಟ್ಟಾದ ಬಿಡಿ ಅಕ್ಷರ. ಅಲಗಿನಲ್ಲಿ ಅವನು ಹುಟ್ಟುಹಾಕಿದ ತೊರಾನ್‌ಬಾ, ಅಂದರೆ ಉಬ್ಬಿ ಬರುವ ಅಲೆಗಳಂಥ ಹಮೊನ್, ಇದೆಯೇನೋ ಹೌದು. ಆದರೆ ಅಲೆಗಳೆಲ್ಲ ಒಂದೇ ಎತ್ತರ, ಕಣಗಳು ಒರಟು.

ಆದರೂ ಕತ್ತಿ ಕೆಟ್ಟದ್ದಲ್ಲ. ಅಂಚಿಗೆ ಅಡ್ಡಲಾಗಿ ಬಿರುಕಿಲ್ಲ. ಅಂಥ ಕೂದಲೆಳೆಯ ಬಿರುಕಿಗೆ ಹಗಿರೆ ಎನ್ನುತ್ತಾರೆ, ಇದ್ದರೆ ಕತ್ತಿಯ ಕಥೆ ಮುಗಿದಂತೆ, ಮತ್ತು ಅದು ಹರಾಜಿನ ಪಟದಲ್ಲಿ ಎಂದೂ ಕಾಣುವುದಿಲ್ಲ. ಯಾರೋ ನುರಿತ, ಹೆಸರಿಲ್ಲದ ಕಮ್ಮಾರ ಶ್ರದ್ಧೆಯಿಂದ ಮಾಡಿದ ಕೆಲಸ ಇದು. ಸಾಣೆ ಮಾತ್ರ ಹಳತಾಗಿ ಮಸುಕಾಗಿದೆ. ಸಾಣೆಯ ಮಜೂರಿಯನ್ನು ಇಲ್ಲಿ ಅಲಗಿನ ಉದ್ದದ ಮೇಲೆ, ಮೂರು ಸೆಂಟಿಮೀಟರಿನಷ್ಟಿರುವ 'ಸುನ್' ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. ಉದ್ದದ ಕತಾನಾಕ್ಕೆ ಅದು ಕೊಂಡ ಬೆಲೆಯನ್ನೇ ದಾಟೀತು. ಅಗ್ಗದ ದಾರಿಯ ಈ ಖರ್ಚನ್ನು ಹರಾಜಿನಲ್ಲಿ ಕೂಗುವ ಮೊದಲೇ ಕೂಡಿಸಿ ನೋಡಬೇಕು.

ಸಾಕುವ ವಿಷಯದಲ್ಲಿ ಮೂರಕ್ಕೂ ವ್ಯತ್ಯಾಸವಿಲ್ಲ: ತೆಳು ಎಣ್ಣೆ, ಮಳೆಗಾಲದಲ್ಲಿ ಹೆಚ್ಚು ಕಾಳಜಿ, ಅಲಗಿಗೆ ಬೆರಳು ತಾಗಿಸದಿರುವುದು. ಮೂರಕ್ಕೂ ನೋಂದಣಿ ಪತ್ರ ಬೇಕು, ಒಡೆತನ ಬದಲಾದ 20 ದಿನದೊಳಗೆ ಆ ಪತ್ರ ಕೊಟ್ಟ ಪ್ರಾಂತ್ಯದ ಶಿಕ್ಷಣ ಮಂಡಳಿಗೆ ತಿಳಿಸಬೇಕು. ಜಪಾನಿನಿಂದ ಹೊರಗೆ ಒಯ್ಯುವುದಾದರೆ ಸಂಸ್ಕೃತಿ ಇಲಾಖೆಯ ಪತ್ರ ಬೇರೆ.

ಮೂರನೆಯ ಕತ್ತಿಯ ಸುಳ್ಳು ಸಹಿಯನ್ನು ತೆಗೆಸಿಬಿಡಿ ಎಂದು ವ್ಯಾಪಾರಿಯೊಬ್ಬರು ಸಲಹೆ ಕೊಟ್ಟರು. ಇದು ಇಲ್ಲಿ ನಡೆಯುವ ಪದ್ಧತಿಯೇ. ಸಹಿ ಅಳಿಸಿ, ಸಹಿಯಿಲ್ಲದ ಕತ್ತಿಯಾಗಿ ಪರಿಶೀಲನೆಗೆ ಕಳಿಸಿದರೆ ಯಾವುದಾದರೂ ಹೆಸರಿನಲ್ಲಿ ಕಾಗದ ಬರಬಹುದು, ಬೆಲೆಯೂ ಏರಬಹುದು. ನಾನು ಒಪ್ಪಲಿಲ್ಲ. ಅರ ಹಾಕಿದರೆ ಅಕ್ಷರದ ಜೊತೆ ಅಷ್ಟು ವರ್ಷದ ತುಕ್ಕೂ ಹೋಗುತ್ತದೆ, ಇಂಥ ಸಹಿಯನ್ನು ಗುರುತಿಸುವುದು ಹೇಗೆಂದು ಇನ್ನೊಬ್ಬರಿಗೆ ತೋರಿಸಲು ಇದ್ದ ಒಂದು ಸಾಕ್ಷಿಯೂ ಹೋಗುತ್ತದೆ. ಕೂಟಕ್ಕೆ ಬರುವ ಹೊಸಬರಿಗೆ 1670 ಎಂಬ ಇಸವಿಯನ್ನೂ ಆ ಕೂಡಕ್ಷರವನ್ನೂ ಒಟ್ಟಿಗೇ ತೋರಿಸುತ್ತೇನೆ. ಮಾರುವ ದಿನ ಬಂದರೆ ನಾಕಾಗೊದ ಎರಡೂ ಮೈಯ ಪಟ ಹಾಕಿ, 'ಸಹಿ ಸುಳ್ಳು' ಎಂದು ಮೇಲೆಯೇ ಬರೆದು ಮಾರುತ್ತೇನೆ, ಬೆಲೆ ಎಷ್ಟೇ ಬರಲಿ.