ದೂರದಿಂದ ಬಯೋಸ್ ಬದಲಿಸಲು ಯಾವುದು ವಾಸಿ: ಡೆಲ್, ಎಚ್‌ಪಿ, ಲೆನೊವೊ, ಇಂಟೆಲ್ ಎಎಂಟಿ

ಕಂಪ್ಯೂಟರ್ ಆನ್ ಆದೊಡನೆ ವಿಂಡೋಸಿಗೂ ಮೊದಲು ಓಡುವ ಮೂಲ ತಂತ್ರಾಂಶವೇ ಬಯೋಸ್. ಅದರ ಸೆಟ್ಟಿಂಗ್ ಬದಲಿಸಲು ಲ್ಯಾಬಿನ ಒಂದೊಂದು ಕಂಪ್ಯೂಟರಿನ ಮುಂದೆಯೂ ಕೂತು ಎಫ್2 ಒತ್ತುವುದು ತಪ್ಪಬೇಕಿದ್ದರೆ ನನ್ನ ಆಯ್ಕೆ ಡೆಲ್‌ನದೇ ಟೂಲ್ ಆದ ಡೆಲ್ ಕಮಾಂಡ್ ಕಾನ್ಫಿಗರ್. ಬೇಕಾದ ಸೆಟ್ಟಿಂಗ್‌ಗಳನ್ನು ಒಂದು ಕಡೆ ಆರಿಸಿ ಇಎಕ್ಸ್‌ಇ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿದರೆ ಮಿಕ್ಕ ಕಂಪ್ಯೂಟರುಗಳಿಗೆ ಅದಷ್ಟೇ ಸಾಕು, ಟೂಲ್ ಇನ್‌ಸ್ಟಾಲ್ ಬೇಡ. ನೆಟ್‌ವರ್ಕಿನ ವಿಂಡೋಸ್ ಯಂತ್ರಗಳಿಗೆಲ್ಲ ಸರ್ವರಿನಿಂದ ನಿಯಮ ಕಳಿಸುವ ಗ್ರೂಪ್ ಪಾಲಿಸಿಯ ಸ್ಟಾರ್ಟಪ್ ಸ್ಕ್ರಿಪ್ಟಿನಲ್ಲಿ ಇಟ್ಟರೆ ಅಡ್ಮಿನ್ ಹಕ್ಕಿನ ರಗಳೆಯೂ ಇಲ್ಲ. ಆಫ್ ಆದ ಯಂತ್ರವನ್ನು ನೆಟ್‌ವರ್ಕಿನಿಂದ ಎಬ್ಬಿಸುವ ವೇಕ್ ಆನ್ ಲ್ಯಾನ್ ಆನ್ ಮಾಡುವಾಗ, ಕರೆಂಟ್ ಉಳಿಸುವ ಡೀಪ್ ಸ್ಲೀಪ್ ಕಂಟ್ರೋಲನ್ನು ಆಫ್ ಮಾಡಲು ಮರೆಯಬೇಡಿ. ಅದು ಆನ್ ಇದ್ದರೆ ಶಟ್‌ಡೌನ್ ಆದ ಯಂತ್ರ ಎಷ್ಟು ಎಬ್ಬಿಸಿದರೂ ಏಳುವುದಿಲ್ಲ.

ಎಚ್‌ಪಿಯ ಬಯೋಸ್ ಕಾನ್ಫಿಗರೇಶನ್ ಯುಟಿಲಿಟಿ ಎಲ್ಲವನ್ನೂ ಟೆಕ್ಸ್ಟ್ ಫೈಲಿಗೆ ಇಳಿಸುತ್ತದೆ. ಆಯ್ಕೆಯಾದ ಮೌಲ್ಯದ ಮುಂದೆ ನಕ್ಷತ್ರ ಚಿಹ್ನೆ ಇರುತ್ತದೆ, ಅದನ್ನು ಬೇಕಾದ ಸಾಲಿಗೆ ಸರಿಸಬೇಕು. ಬದಲಿಸುವ ಸೆಟ್ಟಿಂಗ್ ಮಾತ್ರ ಉಳಿಸಿ ಮಿಕ್ಕದ್ದು ಅಳಿಸಿ. ಪಾಸ್‌ವರ್ಡನ್ನು ಎನ್‌ಕ್ರಿಪ್ಟ್ ಆದ ಬೇರೆ ಫೈಲಿನಲ್ಲಿ ಕೊಡಬಹುದು. ಈ ವಿಷಯದಲ್ಲಿ ಇದು ಡೆಲ್‌ಗಿಂತ ಮೇಲು: ಅಲ್ಲಿ ಕಮಾಂಡ್ ಸಾಲಿನಲ್ಲೇ ಬರೆದ ಪಾಸ್‌ವರ್ಡ್ ಲಾಗ್‌ಗಳಲ್ಲಿ ಹಾಗೇ ಕಾಣಿಸಬಹುದು.

ಲೆನೊವೊಗೆ ಯಾವ ಟೂಲೂ ಬೇಡ. ವಿಂಡೋಸಿನಲ್ಲೇ ಇರುವ ಡಬ್ಲ್ಯುಎಂಐ (ಯಂತ್ರದ ಸೆಟ್ಟಿಂಗ್ ಓದಿ ಬದಲಿಸುವ ದಾರಿ) ಮತ್ತು ಅದಕ್ಕೆ ಆದೇಶ ಬರೆಯುವ ಪವರ್‌ಶೆಲ್ ಸಾಕು. ಕೇಳಲು ಇದೇ ಚೆಂದ. ತೊಡಕಿರುವುದು ಬಯೋಸಿಗೆ ಬೀಗ ಹಾಕುವ ಮೊದಲ ಸೂಪರ್‌ವೈಸರ್ ಪಾಸ್‌ವರ್ಡಿನಲ್ಲಿ. ಇರುವ ಪಾಸ್‌ವರ್ಡನ್ನು ದೂರದಿಂದ ಬದಲಿಸಬಹುದು, ಇಲ್ಲದ್ದನ್ನು ಹಾಕಲಾಗದು. ಅನುಮತಿಯಿಲ್ಲದೆ ಯಾರೋ ಹೊಕ್ಕು ಪಾಸ್‌ವರ್ಡ್ ಹಾಕಿ ಬೀಗ ಜಡಿಯಬಾರದೆಂಬ ಲೆಕ್ಕಾಚಾರ ಅದು. ನ್ಯಾಯವೇ, ಆದರೆ ಹೊಸ ಲ್ಯಾಬಿನಲ್ಲಿ ಪ್ರತಿ ಯಂತ್ರದ ಬಳಿಗೂ ನಡೆಯಲೇಬೇಕು.

ಈಚಿನ ಥಿಂಕ್‌ಪ್ಯಾಡ್‌ಗಳಲ್ಲಿ ಮೊದಲ ಪಾಸ್‌ವರ್ಡನ್ನು ಸ್ಕ್ರಿಪ್ಟಿನಿಂದ ಹಾಕಲು ಸಿಸ್ಟಮ್ ಡಿಪ್ಲಾಯ್‌ಮೆಂಟ್ ಬೂಟ್ ಮೋಡ್ ಎಂಬ ದಾರಿಯಿದೆ. ಅದಕ್ಕೂ ಎಫ್12 ಮೆನುವಿನಲ್ಲಿ ಡಿಲೀಟ್ ಒತ್ತಬೇಕು, ಅಂದರೆ ಮತ್ತೆ ಕೀಲಿಮಣೆ. ಹೇಗೂ ಹೋಗಬೇಕಾದ್ದರಿಂದ ಎಲ್ಲಕ್ಕೂ ಒಂದೇ ತಾತ್ಕಾಲಿಕ ಪಾಸ್‌ವರ್ಡ್ ಹಾಕಿ ಬನ್ನಿ. ನಿಜವಾದದ್ದನ್ನು ಆಮೇಲೆ ಸ್ಕ್ರಿಪ್ಟಿನಿಂದ ಹಾಕಬಹುದು. ಸ್ಕ್ರಿಪ್ಟಿನಲ್ಲಿ ಬದಲಾವಣೆಯ ಕೊನೆಗೆ ಸೇವ್ ಆದೇಶ ಬಿಟ್ಟರೆ ರೀಸ್ಟಾರ್ಟ್ ಆದಾಗ ಹಳೆಯದೇ ಉಳಿದಿರುತ್ತದೆ. ಥಿಂಕ್‌ಪ್ಯಾಡಿನಲ್ಲಿ 'ಎನೇಬಲ್', ಥಿಂಕ್‌ಸೆಂಟರಿನಲ್ಲಿ 'ಎನೇಬಲ್ಡ್' ಎಂದು ಕೊಡಬೇಕಾಗಿ ಬರುವುದರಿಂದ ಎರಡಕ್ಕೂ ಒಂದೇ ಸ್ಕ್ರಿಪ್ಟ್ ನಡೆಯದು.

ಇಂಟೆಲ್ ಎಎಂಟಿಯ ಜಾತಿಯೇ ಬೇರೆ, ಇದು ಯಂತ್ರದೊಳಗೇ ಇರುವ ದೂರನಿಯಂತ್ರಣ ವ್ಯವಸ್ಥೆ. ಕರೆಂಟ್ ಮತ್ತು ನೆಟ್‌ವರ್ಕ್ ಕೇಬಲ್ ಇದ್ದರೆ ಆಫ್ ಆದ ಯಂತ್ರವನ್ನೂ ಆನ್ ಮಾಡಿ ಬಯೋಸ್ ಪರದೆಯನ್ನೇ ತೋರಿಸುತ್ತದೆ. ಆದರೆ ಒಂದೊಂದಾಗಿ ಬದಲಿಸಬೇಕು, ಇದಕ್ಕೆ ಬೇಕಾದ ಇಂಟೆಲ್ ವಿ-ಪ್ರೊ (vPro) ಇರುವ ಮಾದರಿಗೆ ಹೆಚ್ಚು ದುಡ್ಡು. ಮಾನಿಟರ್ ಸಿಕ್ಕಿಸದಿದ್ದರೆ ಪರದೆ ಕಪ್ಪಾಗಬಹುದು, ಮಾನಿಟರ್ ಇದೆಯೆಂದು ನಂಬಿಸುವ ಡಮ್ಮಿ ಪ್ಲಗ್ ಬೇಕು. 2017ರಲ್ಲಿ ಲಾಗಿನ್ನನ್ನೇ ದಾಟಿಸುವ ದೋಷ ಬಯಲಾದ ತಂತ್ರಜ್ಞಾನವಿದು. ಫರ್ಮ್‌ವೇರ್ ಅಪ್‌ಡೇಟ್ ಮಾಡದೆ ಮುಟ್ಟಬೇಡಿ.

ಯಾವುದನ್ನೇ ಬಳಸಿದರೂ ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶಕ್ಕೆ ಮಾತ್ರ ಬೂಟ್ ಆಗಲು ಬಿಡುವ ಸೆಟ್ಟಿಂಗ್) ಅಥವಾ ಟಿಪಿಎಂ (ಕೀಗಳನ್ನು ಕಾಯುವ ಚಿಪ್) ಮುಟ್ಟುವ ಮೊದಲು ವಿಂಡೋಸಿನ ಡಿಸ್ಕ್ ಎನ್‌ಕ್ರಿಪ್ಶನ್ ಆದ ಬಿಟ್‌ಲಾಕರನ್ನು ಒಂದು ರೀಸ್ಟಾರ್ಟಿನ ಮಟ್ಟಿಗೆ ಸಸ್ಪೆಂಡ್ ಮಾಡಿ. ಇಲ್ಲವಾದರೆ ಬೆಳಗ್ಗೆ ಲ್ಯಾಬಿಡೀ ರಿಕವರಿ ಕೀ ಕೇಳುತ್ತಾ ನಿಂತಿರುತ್ತದೆ.

ಒಂದೇ ಬ್ರಾಂಡಿನ ಲ್ಯಾಬು, ಗ್ರೂಪ್ ಪಾಲಿಸಿ ನಡೆಸುವ ಡೊಮೇನ್ ಇದೆ, ಬಜೆಟ್ ಬಿಗಿ ಎಂದಾದರೆ ಡೆಲ್. ಎಎಂಟಿ ಬೇರೆ ಕಟ್ಟಡದಲ್ಲಿರುವ ಒಂದೆರಡು ಯಂತ್ರಕ್ಕೆ ಮಾತ್ರ. ಲೆನೊವೊವನ್ನೇ ಕೊಳ್ಳುವುದಾದರೆ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿಯೇ ತಲುಪಿಸಬೇಕೆಂದು ಖರೀದಿ ಆದೇಶದಲ್ಲೇ ಬರೆಸಿ.